ದೊರೆಸಾನಿಯ ಎಡಗಣ್ಣು

ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಗಾಜು ಅರೆಯುತ್ತಲೇ ತಲೆ ನರೆಸಿಕೊಂಡವನು ಅವನು. ಮುಂದಿನ ಕೌಂಟರಿನಲ್ಲಿ ಬೇರೆಯವರು ಗಿರಾಕಿಗಳೊಂದಿಗೆ ಮಾತಾಡಿಕೊಂಡಿದ್ದರೆ, ಇವನು ನೀರು ಚಿಮ್ಮುವ ಚಕ್ರದ ಮುಂದೆ ಕೂತು ಗಾಜಿನ ಅಂಚು ಸವೆಸುತ್ತಿದ್ದ, ಫ್ರೇಮಿಗೆ ಕೂರಿಸುತ್ತಿದ್ದ, ಬೆಳಕಿಗೆ ಹಿಡಿದು ನೋಡುತ್ತಿದ್ದ. ದೇವರು ಸೃಷ್ಟಿಸಿದ ಲೋಕದಲ್ಲಿ ಅವನಿಗೆ ಸಹಿಸಲಾಗದ್ದು ಒಂದೇ, ಗಾಜಿನ ಮೇಲಿನ ಮಸುಕು. ಊಟಕ್ಕೆ ಕೂತಾಗ ಅಕ್ಕನ ಕನ್ನಡಕ ಮಂಕಾಗಿದ್ದರೆ ಮೂಗಿನಿಂದ ಕಿತ್ತುಕೊಂಡು ಒರೆಸಿ, ಆಮೇಲೆಯೇ ತುತ್ತು ಎತ್ತುತ್ತಿದ್ದ.

"ನನ್ನ ಮೂಗೂ ಬಿಚ್ಚಿಕೊಂಡು ಹೋಗು, ಅರೆದು ಸಣ್ಣ ಮಾಡು," ಎನ್ನುತ್ತಿದ್ದಳು ಅಕ್ಕ. ಹೆಂಡತಿ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳಲು ಬಂದವಳು ಅವಳು, ಅಲ್ಲೇ ಉಳಿದಳು.

ಮಗಳು ಗಂಡನ ಮನೆ ಬಿಟ್ಟು ಬಂದಾಗ ತಂದದ್ದು ಬಟ್ಟೆಯ ಚೀಲ, ಲಿಫ್ಟ್ ರಿಪೇರಿಯ ಸಾಮಾನಿನ ಪೆಟ್ಟಿಗೆ ಮತ್ತು ಒಂದು ಗಾಜಿನ ತೊಟ್ಟಿ. ತೊಟ್ಟಿಯೊಳಗೆ ಹಾವು. ಇಟ್ಟಿಗೆ ಬಣ್ಣದ ಮೈ, ಅದರ ಮೇಲೆ ಕಪ್ಪಂಚಿನ ಮಚ್ಚೆಗಳು. ವಿಷವಿಲ್ಲದ, ಮನೆಯಲ್ಲಿ ಸಾಕುವ ತಳಿ. ಅದರ ಹೆಸರು ದೊರೆಸಾನಿ.

"ಕೊಟ್ಟ ಪಾತ್ರೆಪಗಡೆ ಎಲ್ಲ ಅಲ್ಲೇ ಬಿಟ್ಟು ಇದನ್ನ ಹೊತ್ಕೊಂಡು ಬಂದ್ಯಲ್ಲೇ!" ಎಂದಳು ಅಕ್ಕ.

"ಅದು ಕಚ್ಚಲ್ಲ ಅತ್ತೆ."

"ನಾನು ಕಚ್ತೀನಿ. ಅದಕ್ಕೆ ಹೇಳಿಡು."

ಮಗಳ ತುಟಿಯಂಚು ಸ್ವಲ್ಪ ಅಲುಗಿತು. ಅಪ್ಪನ ಕಡೆ ತಿರುಗಿದಾಗ ಅದೂ ಇರಲಿಲ್ಲ. ಆ ಗಂಡನ್ನು ಹುಡುಕಿ ತಂದವನು ಇವನೇ. ಹುಡುಗ ಕೈ ಎತ್ತುವವನು ಎಂದು ಮದುವೆಗೆ ಮೊದಲೇ ಯಾರೋ ಇವನ ಕಿವಿಗೆ ಹಾಕಿದ್ದರು. ಮಗಳು ನೇರವಾಗಿ ಕೇಳಿದಾಗ ಇವನು, "ಚೆನ್ನಾಗಿದ್ದಾನೆ, ನಾನು ವಿಚಾರಿಸಿದ್ದೀನಿ," ಎಂದಿದ್ದ. ಈಗ ಅವಳು ಒಂದೇ ಸೂರಿನಡಿ ಇದ್ದರೂ ಅವನನ್ನು ಅಪ್ಪ ಎಂದು ಕರೆಯುತ್ತಿರಲಿಲ್ಲ. "ಊಟ ಆಯ್ತಾ", "ನೀರು ಬಂತಾ" ಎಂಬ ಮಾತುಗಳಿಗೆ ಕರೆ ಬೇಕಾಗುವುದೂ ಇಲ್ಲ. ಆ ಒಂದು ಕರೆ ಮತ್ತೆ ಕಿವಿಗೆ ಬೀಳಲಿ ಎಂದು ಅವನು ಪ್ರಾರ್ಥನೆಗೆ ಕೂತಾಗಲೆಲ್ಲ ಬೇಡುತ್ತಿದ್ದ. ಬೇರೇನೂ ಬೇಡುತ್ತಿರಲಿಲ್ಲ.

ಹೀಗಿರುವಾಗ ಮಗಳಿಗೆ ದೂರದ ಊರಿನಲ್ಲಿ ಹೊಸ ಕಟ್ಟಡದ ಲಿಫ್ಟ್ ಕೂರಿಸುವ ಕೆಲಸ ಬಂತು. ಅಕ್ಕ ತೊಟ್ಟಿಯ ಹತ್ತಿರವೂ ಸುಳಿಯುವವಳಲ್ಲ. ಉಳಿದವನು ಇವನು. ಮಗಳು ಅವನನ್ನು ತೊಟ್ಟಿಯ ಮುಂದೆ ಕೂರಿಸಿಕೊಂಡು ಹಾವನ್ನು ತೋಳಿಗೆ ಸುತ್ತಿಕೊಂಡಳು.

"ಈ ಸಲ ಪೊರೆ ಚೂರುಚೂರಾಗಿ ಬಿಟ್ಟಿದ್ದಾಳೆ. ಕಾಲುಚೀಲ ಕಳಚಿದ ಹಾಗೆ ಒಂದೇ ಉದ್ದಕ್ಕೆ ಬರಬೇಕಿತ್ತು. ಗಾಳಿ ಒಣಗಿದ್ರೆ ಹೀಗಾಗುತ್ತೆ. ಇಲ್ನೋಡು."

ಬಾಲದ ತುದಿಯಲ್ಲಿ ಹಳೆಯ ಚರ್ಮ ಉಂಗುರದಂತೆ ಉಳಿದಿತ್ತು. ಹಾಗೇ ಬಿಟ್ಟರೆ ಬಿಗಿದು ರಕ್ತ ನಿಂತು ತುದಿ ಕಪ್ಪಾಗಿ ಉದುರಿಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕು, ಒದ್ದೆ ಟವಲಿನ ಮಡಿಕೆಗಳ ನಡುವೆ ಹರಿಯಲು ಬಿಡಬೇಕು, ಅದಾಗಿಯೇ ಸಡಿಲವಾದ ಮೇಲೆ ಬೆರಳಲ್ಲಿ ಮೆಲ್ಲಗೆ ಉಜ್ಜಬೇಕು. ಎಳೆಯಬಾರದು. ಆಮೇಲೆ ಹೊಟ್ಟೆ ತಿರುಗಿಸಿ ನೋಡಬೇಕು. ಅಡಿಯ ಹುರುಪೆ ಕೆಂಪಗಾಗಿದ್ದರೆ ತೇವ ಹೆಚ್ಚಾಯಿತೆಂದು ಅರ್ಥ, ತೊಟ್ಟಿಗೆ ಒಣ ಕಾಗದ ಹಾಸಬೇಕು. ನೀರಿನಲ್ಲಿ ಕಪ್ಪು ಚುಕ್ಕೆಗಳು ತೇಲಿದರೆ ಅದು ರಕ್ತ ಹೀರುವ ಉಣ್ಣೆ ಹುಳ, ಕೂಡಲೇ ಫೋನ್ ಮಾಡಬೇಕು.

"ಕಣ್ಣು?" ಎಂದ ಅವನು. ಬೇರೆಯವರು ನೋಡದ್ದನ್ನು ಅವನ ಕಣ್ಣು ಮೊದಲೇ ಹಿಡಿದಿತ್ತು. ಬಲಗಣ್ಣು ಹೊಸ ಗಾಜಿನಂತಿತ್ತು. ಎಡಗಣ್ಣು ಗೀರು ಬಿದ್ದ ಹಳೆ ಲೆನ್ಸು.

"ಕಣ್ಣಿನ ಮೇಲಿನ ಪೊರೆ ಒಂದು ಉಳ್ಕೊಂಡಿದೆ. ಮುಂದಿನ ಸಲ ಅದಾಗೇ ಹೋಗುತ್ತೆ. ಅದಕ್ಕೆ ಮಾತ್ರ ಕೈ ಹಚ್ಚಬೇಡ."

"ಹಚ್ಚಲ್ಲ."

ಅವನು ಬಾಲದ ಕೆಲಸ ಮಾಡಿದ ರೀತಿಯಲ್ಲಿ ಕುಂದು ಹುಡುಕುವಂತಿರಲಿಲ್ಲ. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದ. ಹಾವು ಟವಲಿನೊಳಗೆ ಹರಿದಾಡುವಾಗ ಅವಸರ ಮಾಡದೆ ಕಾದ. ಮೊದಲ ದಿನ ಉಂಗುರ ಅಲುಗಲಿಲ್ಲ, ಅವನೂ ಹಟ ಹಿಡಿಯಲಿಲ್ಲ. ಮರುದಿನ ಮತ್ತೆ ನೀರಿಗೆ ಬಿಟ್ಟ. ಹೆಬ್ಬೆರಳಿನಡಿ ಅದು ಒದ್ದೆ ಕಾಗದದಂತೆ ಜಾರಿ ಬಂದಾಗ ಅವನ ಹಣೆಯಲ್ಲಿ ಬೆವರು.

ಫೋನಿನಲ್ಲಿ ಹೇಳಿದ. ಆ ಕಡೆ ಡ್ರಿಲ್ಲಿನ ಸದ್ದು, ಯಾರದೋ ಕೂಗು. ಅದರ ನಡುವೆ ಮಗಳ ದನಿ: "ಚೆನ್ನಾಗಿ ಮಾಡಿದೆ ಅಪ್ಪ."

ಫೋನ್ ಇಟ್ಟ ಮೇಲೂ ಅವನು ನಿಂತಲ್ಲೇ ನಿಂತಿದ್ದ.

"ಏನು, ಲಾಟರಿ ಹೊಡೀತಾ?" ಎಂದಳು ಅಕ್ಕ.

ಹಸಿದವನಿಗೆ ಒಂದು ತುತ್ತು ಸಿಕ್ಕರೆ ಹಸಿವು ಅಡಗುವುದಿಲ್ಲ, ಕೆರಳುತ್ತದೆ. ಅವನಿಗೂ ಹಾಗೆಯೇ ಆಯಿತು. ಚಕ್ರದ ಮುಂದೆ ಕೂತರೂ ಕಣ್ಣೆದುರು ಅದೇ ಮಸುಕಾದ ಎಡಗಣ್ಣು. ಮಗಳು ಬಂದು ನೋಡಿದಾಗ ಎರಡು ಕಣ್ಣೂ ಫಳಫಳ ಎನ್ನುತ್ತಿದ್ದರೆ? ಕೈ ಹಚ್ಚಬೇಡ ಎಂದದ್ದು ಕೆಲಸ ಬರದವರಿಗೆ ಹೇಳುವ ಮಾತು. ಹೊಸ ಲೆನ್ಸಿನ ಮೇಲೆ ಉಸಿರಿನಷ್ಟು ತೆಳುವಾದ ಹಾಳೆಯೊಂದು ಅಂಟಿರುತ್ತದೆ. ಅಂಟುಪಟ್ಟಿಯ ತುಂಡನ್ನು ಅಂಚಿಗೆ ಒತ್ತಿ, ಮಣಿಕಟ್ಟು ತಿರುಗಿಸಿ ಒಂದೇ ಬಾರಿಗೆ ಎತ್ತುವುದು ಅವನ ಕ್ರಮ. ಈ ಕೈಯಲ್ಲಿ ಒಂದು ಗಾಜಿಗೂ ಗೀರು ಬಿದ್ದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮಾಲೀಕ ಅದನ್ನು ನೋಡಲೆಂದೇ ಅವನ ಬಳಿ ಕಳಿಸುತ್ತಿದ್ದ.

ಅಂಗಡಿಗೆ ರಜೆಯಿದ್ದ ದಿನ, ಕಿಟಕಿಯ ಬೆಳಕಿನಲ್ಲಿ, ಹಾವಿನ ತಲೆಯನ್ನು ಎರಡು ಬೆರಳಿನ ನಡುವೆ ಹಿಡಿದು ಅವನು ಹಾಗೆಯೇ ಮಾಡಿದ. ಹಾವು ಮೈಯನ್ನೆಲ್ಲ ಬಿಗಿದು ಅವನ ಮುಂಗೈಯನ್ನು ಹಿಂಡಿತು. ಅದಕ್ಕೆ ಕೂಗುವ ಗಂಟಲನ್ನು ದೇವರು ಕೊಟ್ಟಿಲ್ಲ. ಪಟ್ಟಿಯ ಮೇಲೆ ಪುಟ್ಟ ಬಟ್ಟಲಿನಂಥದ್ದು ಅಂಟಿ ಬಂತು. ಅವನೆಣಿಸಿದ್ದಕ್ಕಿಂತ ದಪ್ಪವಿತ್ತು. ಕಣ್ಣು ಒದ್ದೆಯಾಗಿ ಮಿಂಚಿತು.

"ಅಕ್ಕಾ, ಬಾ ಇಲ್ಲಿ! ನೋಡು, ಹೇಗೆ ಹೊಳೀತಿದೆ!"

ಅಕ್ಕ ಬಾಗಿಲಲ್ಲೇ ನಿಂತು ಕತ್ತು ಚಾಚಿದಳು. "ಅಳ್ತಿರೋ ಹಾಗೆ ಕಾಣುತ್ತಪ್ಪ ನಂಗೆ," ಎಂದಳು.

ಸಂಜೆಯಾಗುವಷ್ಟರಲ್ಲಿ ಹೊಳಪು ಆರಿತು. ಬೆಳಗ್ಗೆ ನೋಡಿದರೆ ಕಣ್ಣು ಒಣಗಿದ ದ್ರಾಕ್ಷಿಯಂತೆ ಮುದುಡಿ ಒಳಗೆ ಕುಸಿದಿತ್ತು.

ಪ್ರಾಣಿವೈದ್ಯೆ ಸಣ್ಣ ದೀಪ ಹಿಡಿದು ಬಹಳ ಹೊತ್ತು ನೋಡಿದಳು. "ಏನು ಮಾಡಿದ್ರಿ ಇದಕ್ಕೆ?"

ಅವನು ಹೇಳಿದ. ಅಂಟುಪಟ್ಟಿಯ ಮಾತು ಬಂದಾಗ ವೈದ್ಯೆ ದೀಪ ಆರಿಸಿದಳು.

"ಹಾವಿಗೆ ರೆಪ್ಪೆ ಇರಲ್ಲ ಯಜಮಾನ್ರೇ. ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತೆ, ಅದೇ ರೆಪ್ಪೆ, ಅದೇ ಕವಚ. ಹಳೇ ಪೊರೆ ಅದರ ಮೇಲೆ ಅಂಟಿತ್ತು ಅಷ್ಟೆ. ನೀವು ಎರಡನ್ನೂ ಕಿತ್ತಿದ್ದೀರಿ."

"ಮತ್ತೆ ಬೆಳೆಯೋದಿಲ್ವಾ?"

"ಅಲ್ಲೀತನಕ ಕಣ್ಣು ಉಳೀಬೇಕಲ್ಲ. ಸುಮ್ಮನೆ ಬಿಟ್ಟಿದ್ರೆ ಸಾಕಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮುಲಾಮು ಕೊಟ್ಟಳು. ಕೀವು ತುಂಬಿದರೆ ಕಣ್ಣು ತೆಗೆಯಬೇಕಾಗುತ್ತದೆ ಎಂದಳು.

ದಾರಿಯುದ್ದಕ್ಕೂ ಹಾವಿನ ಪೆಟ್ಟಿಗೆಯನ್ನು ಎದೆಗೊತ್ತಿ ಹಿಡಿದು ಬಂದ. ಮನೆಯಲ್ಲಿ ಅಕ್ಕ ದನಿ ತಗ್ಗಿಸಿದಳು. "ಅದಾಗೇ ಹೀಗಾಯ್ತು ಅನ್ನು. ಮೊದಲೇ ಕೆಟ್ಟಿದ್ದ ಕಣ್ಣು. ಅವಳು ಈಗಷ್ಟೇ ನಿನ್ನ ಮುಖ ನೋಡ್ತಿದ್ದಾಳೆ, ಕಲ್ಲು ಹಾಕ್ಕೋಬೇಡ. ಹಾವೇನು ಬಂದು ಸಾಕ್ಷಿ ಹೇಳುತ್ತಾ?"

"ಸುಮ್ಮನಿರು ಅಕ್ಕ," ಎಂದ. ಪ್ರಾರ್ಥನೆಗೆ ಕೂತ. ಬೇಡುವ ಮಾತು ಬಾಯಿಗೆ ಬರಲಿಲ್ಲ. ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಎದ್ದ.

ಆಗ ಫೋನ್ ಬಂತು. "ಅಪ್ಪ, ದೊರೆಸಾನಿ ಹೇಗಿದ್ದಾಳೆ?"

ಮೊದಲು ಬಂದದ್ದೇ ಅಪ್ಪ ಎಂಬ ಆ ಕರೆ. ಅವನ ಗಟ್ಟಿತನವೆಲ್ಲ ನೀರಾಯಿತು. ಕಿವಿಗೆ ಸಿಕ್ಕಿದ್ದನ್ನು ಕೈಯಾರೆ ಕಳೆದುಕೊಳ್ಳಲು ಬಾಯಿ ಒಪ್ಪಲಿಲ್ಲ.

"ಚೆನ್ನಾಗಿದ್ದಾಳೆ," ಎಂದ.

ಮಗಳು ನಂಬಿದಳು, ಕೆಲಸ ಮುಗಿಸಿಯೇ ಬಂದಳು. ಅಷ್ಟರಲ್ಲಿ ಕಣ್ಣು ಕೀವುಗಟ್ಟಿ ತಲೆಯ ಎಡಭಾಗವೆಲ್ಲ ಊದಿತ್ತು. ವೈದ್ಯೆ ಹೇಳಿದ ಹೊತ್ತಿಗೆ ಅವನು ಮುಲಾಮು ಹಚ್ಚುತ್ತಿದ್ದ, ಅವಳ ಬಳಿ ಮತ್ತೊಮ್ಮೆ ಹೋಗಿಯೂ ಬಂದಿದ್ದ. ಯಾವುದೂ ಹಿಡಿದಿರಲಿಲ್ಲ. ಮಗಳು ಚಪ್ಪಲಿ ಬಿಚ್ಚದೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವನು ಎಲ್ಲವನ್ನೂ ಹೇಳಿದ, ಅಂಟುಪಟ್ಟಿಯಿಂದ ಹಿಡಿದು.

"ನಿನ್ನ ಫೋನ್ ಬಂದಾಗ..." ಎಂದು ನಿಲ್ಲಿಸಿದ.

"ಆಗಲೇ ಹೋಗಿತ್ತಾ?"

"ಆಗಲೇ."

ಅವಳು ಎದ್ದಳು. "ಮದುವೆಗೆ ಮುಂಚೆ ನಾನು ಕೇಳಿದಾಗ್ಲೂ ಹೀಗೇ ಅಂದಿದ್ದೆ, ಚೆನ್ನಾಗಿದ್ದಾನೆ ಅಂತ. ಇದೇ ದನೀಲಿ."

ಅಕ್ಕ ನಡುವೆ ಬಂದಳು. "ಅಲ್ವೇ, ಒಂದು ಹಾವಿಗೆ..."

"ಹಾವಿನ ಮಾತಲ್ಲ ಅತ್ತೆ, ನೀನು ಒಳಗೆ ಹೋಗು."

ಮರುದಿನ ವೈದ್ಯೆ ಕಣ್ಣನ್ನು ತೆಗೆದು ಹೊಲಿದಳು. ಹೊಲಿಗೆ ಒಣಗುವವರೆಗೆ ಮಗಳು ಅದೇ ಮನೆಯಲ್ಲಿದ್ದಳು. ತೊಟ್ಟಿಯ ನೀರು, ಕಾಗದ, ಔಷಧಿ ಎಲ್ಲ ಅವಳೇ ನೋಡಿಕೊಂಡಳು. ಅವನು ಬಾಗಿಲಲ್ಲಿ ಬಂದು ನಿಂತರೆ ಹೋಗು ಎನ್ನುತ್ತಿರಲಿಲ್ಲ, ಬಾ ಎಂದೂ ಹೇಳುತ್ತಿರಲಿಲ್ಲ. ಆಮೇಲೆ ಕೆಲಸದ ಕಡೆ ಒಂದು ಕೋಣೆ ಹಿಡಿದಳು. ಸಾಮಾನು ಇಳಿಸುವಾಗ ತೊಟ್ಟಿಯ ಒಂದು ಅಂಚನ್ನು ಅವನು ಹಿಡಿದ, ಇನ್ನೊಂದನ್ನು ಅವಳು. ಮೆಟ್ಟಿಲಿನ ತಿರುವಿನಲ್ಲಿ "ನಿಧಾನ" ಎಂದಳು. ಅದು ತೊಟ್ಟಿಗೆ ಹೇಳಿದ್ದು ಎಂದು ಅವನಿಗೆ ಗೊತ್ತಿತ್ತು.

ಮನೆ ಬಿಕೋ ಎಂದಿತು. ಅವನು ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಮಗಳಿಗೆ ಫೋನ್ ಮಾಡಲು ಹೊರಟು ಎಷ್ಟೋ ಸಲ ನಂಬರ್ ಒತ್ತುತ್ತಲೇ ನಿಲ್ಲಿಸಿದ್ದ. ಕಡೆಗೊಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಅಂಗಡಿಯ ಹಿಂದಿನ ಓಣಿಯಲ್ಲಿ ನಿಂತು ಮಾಡಿದ.

"ಹೇಗಿದ್ದಾಳೆ?" ಎಂದ.

ಮಗಳು ಹೇಳತೊಡಗಿದಳು. ತಿನ್ನಲು ಕೊಟ್ಟರೆ ಹಾರಿ ಹಿಡಿಯಲು ಹೋಗುತ್ತಾಳೆ, ಗುರಿ ತಪ್ಪುತ್ತದೆ, ಗಾಜಿಗೆ ಮೂತಿ ಬಡಿಯುತ್ತದೆ. ಎರಡು ಮೂರು ಸಲ ಬಡಿದ ಮೇಲೆ ಮೂಲೆಗೆ ಹೋಗಿ ಸುರುಳಿ ಸುತ್ತಿಕೊಳ್ಳುತ್ತಾಳೆ. ಮೂತಿಯ ಚರ್ಮ ಸುಲಿದಿದೆ. ಮೈ ಇಳಿದಿದೆ. ಎಡಗಡೆಯಿಂದ ಕೈ ಹೋದರೆ ಬೆಚ್ಚುತ್ತಾಳೆ, ಮೊನ್ನೆ ಕಚ್ಚಿದಳು.

"ನಿಂಗಾ?"

"ಹೂಂ. ಇಷ್ಟು ವರ್ಷದಲ್ಲಿ ಮೊದಲನೇ ಸಲ."

ಅವನು ಗೋಡೆಗೆ ಒರಗಿದ. ಎಲ್ಲ ಸರಿಹೋಗುತ್ತೆ ಬಿಡು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿದ.

"ಇನ್ನೇನಾಗ್ತಿದೆ? ಹೇಳು," ಎಂದ.

ಅವಳು ಹೇಳಿದಳು.