ಬೆನ್ನು ಮುಂದಾಗಿ ಮೆಟ್ಟಿಲಿಳಿಯುತ್ತಿದ್ದ ಕಾಜಿಮಿರ್

ಕಾಜಿಮಿರ್ ದುದೆಕ್ ಮೆಟ್ಟಿಲು ಇಳಿಯುತ್ತಿದ್ದುದು ಬೆನ್ನು ಮುಂದಾಗಿ. ಅವರ ಮನೆಯ ಕೆಳಗಿನ ಅಂತಸ್ತಿನಲ್ಲಿ ಬಾಡಿಗೆಗಿದ್ದ ನನಗೆ ದಿನವೂ ಬೆಳಿಗ್ಗೆ ಮೊದಲು ದರ್ಶನ ಕೊಡುತ್ತಿದ್ದುದು ಅವನ ಬೂಟಿನ ಹಿಮ್ಮಡಿ, ಆಮೇಲೆ ಕೆಂಪು-ಕಪ್ಪು ಚೌಕಳಿಯ ಉಣ್ಣೆ ಕೋಟಿನ ಅಂಚು, ಆಮೇಲೆ ಬಾಗಿಲಿನಷ್ಟು ಅಗಲದ ಬೆನ್ನು. ಮುಖ ಕೆಳಗಿಳಿಯುವ ಹೊತ್ತಿಗೆ ನಮ್ಮ ಕುಶಲೋಪರಿಯೆಲ್ಲ ಮುಗಿದಿರುತ್ತಿತ್ತು. ಚೆಂಡನ್ನು ಕೈಯಲ್ಲಿ ಹೊತ್ತು ಓಡುವ ಅಮೆರಿಕದ ಫುಟ್‌ಬಾಲನ್ನು ಹದಿನಾಲ್ಕು ವರ್ಷ ಆಡಿ ಅವನ ಎರಡು ಮಂಡಿಗಳೂ ಸವೆದುಹೋಗಿದ್ದವು. "ನಂದೇನಿದ್ರೂ ಹಿಂದಕ್ಕೇ ಮಾಡೋ ಕೆಲ್ಸ, ಮೇಷ್ಟ್ರೇ. ಮಂಡಿಗೂ ಅದೇ ರೂಢಿಯಾಗಿದೆ," ಎಂದು ನಗುತ್ತಿದ್ದ.

ಮಾತು ಸುಳ್ಳಲ್ಲ. ನಮ್ಮ ಪೈಕ್ ಹಾರ್ಬರಿನ ಐಸ್‌ಕಟರ್ಸ್ ತಂಡಕ್ಕೆ ಅವನು ಸೆಂಟರ್. ಸಾಲಿನ ನಟ್ಟನಡುವೆ ಬಾಗಿ ನಿಂತು, ಎರಡು ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವವನು. ಅವನು ಕೊಡದೆ ಆಟವೇ ಶುರುವಾಗುವುದಿಲ್ಲ. ಕೊಟ್ಟ ಮರುಕ್ಷಣ ಎದುರಾಳಿಗಳು ಮೇಲೆ ಬಿದ್ದು ಅವನನ್ನು ನೆಲಕ್ಕೆ ಅಪ್ಪಚ್ಚಿ ಮಾಡುವುದರಿಂದ ಆಮೇಲಿನ ಆಟ ಅವನ ಕಣ್ಣಿಗೆ ಬೀಳುವುದೂ ಇಲ್ಲ. ಇಡೀ ಊರು ಬಾಯಿ ಚಪ್ಪರಿಸುತ್ತ ಮೆಲುಕು ಹಾಕುವ ಓಟಗಳನ್ನೂ ಎಸೆತಗಳನ್ನೂ ಅವನು ತಿಳಿಯುತ್ತಿದ್ದುದು ಮಾರನೆಯ ದಿನ ಬೇಕರಿಯಲ್ಲಿ, ಇತರರ ಬಾಯಿಂದ. ಅದಕ್ಕೇ ಏನೋ, "ಕೊಟ್ಟಾಯ್ತಲ್ಲ" ಎಂಬುದು ಅವನ ನಾಲಿಗೆಯ ಮೇಲೆ ಮನೆಮಾಡಿಕೊಂಡಿದ್ದ ಮಾತು. ಅಂಗಡಿಯವನಿಗೆ ದುಡ್ಡು ಕೊಟ್ಟರೂ, ಯಾರದೋ ಮಗುವಿಗೆ ಮುತ್ತು ಕೊಟ್ಟರೂ, ಒಮ್ಮೆ ಪೊಲೀಸನಿಗೆ ತನ್ನ ಅಭಿಪ್ರಾಯ ಕೊಟ್ಟಾಗಲೂ, "ಕೊಟ್ಟಾಯ್ತಲ್ಲ" ಎಂದು ನಡೆದುಬಿಡುತ್ತಿದ್ದ.

ಆ ಕೋಟು ಅವನ ಅಪ್ಪನದು. ರೆಫ್ರಿಜರೇಟರ್ ಬರುವ ಮುಂಚೆ ಈ ಊರಿನ ಗಂಡಸರು ಚಳಿಗಾಲದಲ್ಲಿ ಸರೋವರದ ಮಂಜುಗಡ್ಡೆ ಕೊಯ್ದು ಮಾರುತ್ತಿದ್ದರು. ತಂಡದ ಹೆಸರೂ ಅಲ್ಲಿಂದಲೇ ಬಂದದ್ದು. ಹಾಗೆ ಕೊಯ್ಯುತ್ತಿದ್ದ ಅಪ್ಪ ಬಲಗೈಗೆ ಗ್ಲೌಸು ಹಾಕುತ್ತಿರಲಿಲ್ಲವೆಂದು ಮಗನೂ ಹಾಕುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಪಿತೃಭಕ್ತಿ ಎನ್ನಬಹುದಿತ್ತು; ಈ ಮಹಾರಾಯ ನವೆಂಬರ್ ಹುಟ್ಟಿದರೆ ಸಾಕು, ಬಲಗೈಯಲ್ಲಿ ಒಂದು ಹಿಮದ ಉಂಡೆ ಹಿಡಿದು ಅದು ಕರಗಿ ಮಣಿಕಟ್ಟಿನಿಂದ ತೊಟ್ಟಿಕ್ಕುವ ತನಕ ಊರೆಲ್ಲ ತಿರುಗುತ್ತಿದ್ದ. ಕೈಕುಲುಕಿದವರು ಕಿಟಾರನೆ ಕಿರುಚುತ್ತಿದ್ದರು. "ಚಳಿ ಅನ್ನೋದು ಕೈಗೆ ಹೊಸ ಸಮಾಚಾರ ಆಗ್ಬಾರ್ದು," ಎಂಬುದು ಅವನ ಸಮರ್ಥನೆ.

ಇದಕ್ಕಿಂತ ವಿಚಿತ್ರವಾದದ್ದು ಶನಿವಾರ ಸಂಜೆಯ ವ್ರತ. ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸುವ ಸಂದರ್ಭದಲ್ಲಿ ಸೆಂಟರ್ ಅದನ್ನು ಏಳು ಗಜ ಹಿಂದೆ ಮಂಡಿಯೂರಿದವನ ಕೈಗೆ ತಲೆಕೆಳಗಾಗಿ ನೋಡುತ್ತ ಎಸೆಯಬೇಕು. ಕಾಜ್ (ಊರಿನವರ ಬಾಯಲ್ಲಿ ಕಾಜಿಮಿರ್ ಬರೀ ಕಾಜ್) ಅದರ ಅಭ್ಯಾಸ ಮಾಡುತ್ತಿದ್ದುದು ಹಿತ್ತಿಲಿನಲ್ಲಿ, ತನ್ನ ತಾಯಿ ಲುದ್ವಿಕಮ್ಮನವರ ಜೊತೆ. ಎಪ್ಪತ್ತು ದಾಟಿದ ಆ ಪೋಲಿಷ್ ಮುದುಕಿ, ಮಗ ಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿಯಂತೆ, ಹಿಟ್ಟಿನ ಚೀಲವೊಂದನ್ನು ಮಡಿಸಿ ಮಂಡಿ ಕೆಳಗಿಟ್ಟುಕೊಂಡು, ಏಪ್ರನ್ ಸರಿಮಾಡಿಕೊಂಡು, ಎರಡು ಕೈ ಚಾಚಿ "ಹೂಂ, ಬರ್ಲಿ" ಎನ್ನುವರು. ಚೆಂಡು ಬಂದು ಅಂಗೈಗೆ ಬಿದ್ದ ಸದ್ದಿಗೇ ತೀರ್ಪು ಹೊರಡುತ್ತಿತ್ತು: "ಎತ್ತರ ಆಯ್ತು. ನಾನೇನು ಜಿರಾಫೇನೋ?" ಒಲೆಯ ಮೇಲೆ ಸೂಪು ಉಕ್ಕಿದರೂ ಅವರು ಏಳುತ್ತಿರಲಿಲ್ಲ.

1961ರ ಆಟದ ಋತುವಿಗೆ ವಾರೆನ್ ಟೀಲ್ ಎಂಬ ಹೊಸ ಕೋಚ್ ಬಂದ. ಕಠೋರ ಮನುಷ್ಯ, ಆದರೆ ಕೆಲಸ ಬಲ್ಲವ. ಸೋತು ಸುಣ್ಣವಾಗಿದ್ದ ತಂಡಕ್ಕೆ ಬೆನ್ನುಮೂಳೆ ಜೋಡಿಸಿದ. ಜೊತೆಗೇ ಡ್ವೈಟ್ ಲಿಂಡಾಲ್ ಎಂಬ ಎಳೆಯ ಸೆಂಟರನ್ನು ಕಾಲೇಜಿನಿಂದ ನೇರ ತಂದು ಕಾಜ್‌ನನ್ನು ಬೆಂಚಿಗೆ ಕಳಿಸಿದ. ಒದೆತಗಳಿಗೆ ಮಾತ್ರ ಮುದುಕ ಇರಲಿ ಎಂದಾಯಿತು. ನನಗಾದರೆ ಹೊಟ್ಟೆ ಉರಿಯಿತು. ಕಾಜ್ ಮಾತ್ರ ಲಿಂಡಾಲನನ್ನು ಹಿತ್ತಿಲಿಗೆ ಕರೆತಂದು ತಾಯಿಯ ಎದುರು ಬಾಗಿಸಿದ. "ಹುಡುಗ ಪರವಾಗಿಲ್ಲ. ಕೈ ಬೆಚ್ಚಗಿದೆ, ಅದೊಂದೇ ದೋಷ," ಎಂದರು ಲುದ್ವಿಕಮ್ಮ. ಹೇಗೋ ಈ ಸುದ್ದಿ ಪೂರ್ವ ಕರಾವಳಿಯ ದೊಡ್ಡ ನಗರಗಳ ಪತ್ರಿಕೆಗಳಿಗೆ ಮುಟ್ಟಿತು; ಅಜ್ಜಿಯರಿಂದ ತರಬೇತಿ ಪಡೆಯುವ ತಂಡವೆಂದು ಅಲ್ಲಿಯವರು ನಮ್ಮನ್ನು ಗೇಲಿ ಮಾಡಿದರು.

ಗೇಲಿ ಮಾಡಿದವರ ಬಾಯಿ ವಾರವಾರವೂ ಮುಚ್ಚುತ್ತ ಹೋಯಿತು. ನಾವು ಗೆದ್ದೆವು, ಮತ್ತೆ ಗೆದ್ದೆವು, ಡಿಸೆಂಬರ್ ಹೊತ್ತಿಗೆ ಊರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಫೈನಲ್ ಪಂದ್ಯ ನಮ್ಮ ಸ್ಟೇಡಿಯಂಗೇ ಬಂತು. ಎದುರಾಳಿ ಮಹಾನಗರದ ಮೋನಾರ್ಕ್ಸ್. ಆದರೆ ಕೊನೆಯ ಲೀಗ್ ಪಂದ್ಯದಲ್ಲಿ ಚೆಂಡು ಕೊಟ್ಟು ಬಿದ್ದ ಕಾಜ್ ಏಳಲಾಗದೆ, ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಟೀಲ್ ಅದನ್ನು ನೋಡಿದ್ದ.

ಫೈನಲಿನ ಬೆಳಿಗ್ಗೆ ಮೊಣಕಾಲುದ್ದ ಹಿಮ. ನಮ್ಮಲ್ಲಿ ಹಿಮ ಬಿದ್ದರೆ ಸ್ಟೇಡಿಯಂ ಊರವರ ಪಾಲು. ಪಾದ್ರಿಯಿಂದ ಹಿಡಿದು ಹಜಾಮನವರೆಗೆ ಎಲ್ಲರೂ ಸಲಿಕೆ ಹೊತ್ತು ಬಂದು, ತಂತಮ್ಮ ಸಾಲು ಬಳಿದು, ಸಾಸೇಜು ಸುಟ್ಟು ತಿಂದು, ಆಮೇಲೇ ಪ್ರೇಕ್ಷಕರಾಗುವುದು. ಹನ್ನೊಂದನೇ ಸಾಲಿನಲ್ಲಿ ಚೌಕಳಿ ಕೋಟಿನ ಬೆನ್ನೊಂದು ಬಾಗಿ ಬಾಗಿ ಹಿಮ ಎತ್ತುತ್ತಿತ್ತು. ಕೋಚ್ ಟೀಲ್ ಕೆಳಗಿನಿಂದ ಅಬ್ಬರಿಸಿದ.

"ದುದೆಕ್! ತಲೆ ಕೆಟ್ಟಿದ್ಯಾ ನಿಂಗೆ? ಫೈನಲ್ ದಿನ ಸಲಿಕೆ ಹಿಡಿದಿದೀಯಲ್ಲೋ!"

"ಮತ್ತೆ ಅಮ್ಮ ಎಲ್ಲಿ ಕೂತ್ಕೋತಾಳೆ, ಕೋಚ್?"

ಟೀಲ್ ಮೆಟ್ಟಿಲು ಹತ್ತಿ ಬಂದ. ಪಕ್ಕದಲ್ಲೇ ಸಲಿಕೆ ಊರಿ ನಿಂತಿದ್ದ ನನಗೆ ಎಲ್ಲ ಕೇಳಿಸಿತು. "ನೋಡು, ಇವತ್ತು ಒದೆತಕ್ಕೂ ಲಿಂಡಾಲೇ. ಬಿದ್ರೆ ಏಳಕ್ಕಾಗದವನನ್ನ ನಾನು ಇಳಿಸಲ್ಲ. ಬೇಜಾರು ಮಾಡ್ಕೋಬೇಡ."

ಹದಿನಾಲ್ಕು ವರ್ಷ ಕಾದ ಫೈನಲ್. ಮುಂದಿನ ವರ್ಷ ಅವನಿಗಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಾಜ್ "ಆಗ್ಲಿ ಕೋಚ್," ಎಂದು ಮತ್ತೆ ಬಾಗಿದ. ಆ ಸಲದ ಹಿಮ ಮಾತ್ರ ಬಹಳ ದೂರ ಹೋಗಿ ಬಿತ್ತು.

ಚಳಿಯೋ ಚಳಿ. ಆಟಗಾರರ ಉಸಿರು ಮೀಸೆಯ ಮೇಲೇ ಗಟ್ಟಿಯಾಗುತ್ತಿತ್ತು. ಮೊದಲರ್ಧದಲ್ಲಿ ನಾವು ಚೆಂಡು ಹೊತ್ತು ಕೊನೆಯ ಗೆರೆ ದಾಟಿ ಆರು ಅಂಕ ಗಳಿಸಿದ ಮೇಲೆ, ಕೊಸರಿನ ಒಂದು ಅಂಕಕ್ಕಾಗಿ ಒದೆಯುವ ಹೊತ್ತಿಗೆ, ಲಿಂಡಾಲನ ಮರಗಟ್ಟಿದ ಬೆರಳಿನಿಂದ ಜಾರಿದ ಚೆಂಡು ನೆಲ ಕಚ್ಚಿತು. ಆ ಒಂದು ಅಂಕವೇ ಕೊನೆಗೆ ಕೊರಳಿಗೆ ಸುತ್ತಿಕೊಂಡಿತು: ಕೆಲವೇ ಸೆಕೆಂಡು ಉಳಿದಾಗ ಮೋನಾರ್ಕ್ಸ್ ಹದಿನಾಲ್ಕು, ನಾವು ಹದಿಮೂರು. ಇನ್ನು ಇದ್ದದ್ದು ಒಂದೇ ಒದೆತ. ಕಂಬಗಳ ನಡುವೆ ಹೋದರೆ ಮೂರು ಅಂಕ, ಇಲ್ಲದಿದ್ದರೆ ಊರಿಗೇ ಸೂತಕ.

ಲಿಂಡಾಲ್ ಮೈದಾನದ ಅಂಚಿಗೆ ಬಂದು ಎರಡೂ ಕೈ ಚಾಚಿ ತೋರಿಸಿದ. "ಬೆರಳು ನನ್ನ ಮಾತು ಕೇಳ್ತಿಲ್ಲ, ಕೋಚ್. ಕಾಜ್‌ನ ಕಳ್ಸಿ," ಎಂದನಂತೆ. ಇಪ್ಪತ್ತೆರಡರ ಹುಡುಗ ಇಷ್ಟು ಮಂದಿಯ ಮುಂದೆ ಹಾಗೆ ಹೇಳಿದನಲ್ಲ, ಅವನಿಗೂ ನನ್ನದೊಂದು ನಮಸ್ಕಾರ. ಟೀಲ್ ತಿರುಗಿ ನೋಡಿದರೆ, ಕಾಜ್ ಬೆಂಚಿನ ಪಕ್ಕದ ಹಿಮದ ಗುಡ್ಡೆಯಲ್ಲಿ ಬಲಗೈಯನ್ನು ಮಣಿಕಟ್ಟಿನವರೆಗೆ ಹೂತು, ಸಂತೆಯಲ್ಲಿ ಕೂತವನ ಹಾಗೆ ಕೂತಿದ್ದ. ಆಟದುದ್ದಕ್ಕೂ ಹಾಗೇ ಕೂತಿದ್ದನಂತೆ.

"ಬಿದ್ರೆ ಏಳ್ತೀಯೇನೋ?"

"ಕೊಡೋದಂತೂ ಕೊಡ್ತೀನಿ, ಕೋಚ್. ಏಳೋದು ಆಮೇಲಿನ ಮಾತು."

ಕೋಟು ಬಿಚ್ಚಿ ಲಿಂಡಾಲನ ಹೆಗಲಿಗೆ ಹೊದಿಸಿ, ಕುಂಟುತ್ತ ನಡೆದ. ಅವನು ಬಾಗಿದಾಗ ಎದುರಿಗೆ ನಿಂತ ದೈತ್ಯನೊಬ್ಬ, "ಏನಜ್ಜಾ, ಅಮ್ಮನ್ನ ಕರ್ಕೊಂಡು ಬಂದಿಲ್ವಾ?" ಎಂದನಂತೆ. ಕಾಜ್ ತಲೆಕೆಳಗಾಗಿಯೇ ಉತ್ತರಿಸಿದನಂತೆ: "ಬಂದಿದಾಳಪ್ಪ. ಹನ್ನೊಂದನೇ ಸಾಲು."

ಚೆಂಡು ಹೋಯಿತು. ಹಿಡಿದವನು ಅದನ್ನು ನೆಲಕ್ಕೆ ಊರಿದ, ಒದೆಯುವವನು ಒದ್ದ, ಅದು ಬಿಳಿಯ ಆಕಾಶದಲ್ಲಿ ಹೊರಳುತ್ತ ಹೊರಳುತ್ತ ಎರಡು ಕಂಬಗಳ ನಟ್ಟನಡುವೆ ತೂರಿತು. ಇಡೀ ಪೈಕ್ ಹಾರ್ಬರ್ ಒಂದೇ ಗಂಟಲಾಯಿತು. ಸಲಿಕೆಗಳು ಮೇಲೆ ಹಾರಿದವು, ಪಾದ್ರಿ ಹಜಾಮನನ್ನು ತಬ್ಬಿಕೊಂಡರು, ನಾನು ನಾಚಿಕೆ ಬಿಟ್ಟು ಅತ್ತೆ. ಗೆದ್ದಿದ್ದೆವು, ನಾವು, ಈ ಮಂಜುಗಡ್ಡೆಯ ಊರಿನವರು!

ಹನ್ನೊಂದನೇ ಸಾಲಿನಲ್ಲಿ ನನ್ನ ತೋಳನ್ನು ಮಾತ್ರ ಪಕ್ಕದಿಂದ ಒಂದು ಮುದಿ ಕೈ ಹಿಂಡುತ್ತಿತ್ತು. "ಮೇಷ್ಟ್ರೇ, ಎದ್ನಾ? ಎದ್ನಾ ಹೇಳಿ!" ಮಗನ ಕೈಬಿಟ್ಟ ಮೇಲೆ ಚೆಂಡು ಎತ್ತ ಹಾರಿತೆಂದು ಲುದ್ವಿಕಮ್ಮ ನೋಡಿಯೇ ಇರಲಿಲ್ಲ. ಮೂವರ ರಾಶಿಯ ಕೆಳಗೆ ಮುಚ್ಚಿಹೋದ ಮಗನ ಮೇಲೇ ಅವರ ಕಣ್ಣು.

ರಾಶಿ ಸರಿಯಿತು. ಚೌಕಳಿ ಕೋಟು ಹೊದ್ದ ಲಿಂಡಾಲ್ ಓಡಿದ. ಕಾಜ್ ಅವನನ್ನು ಕೈಯೆತ್ತಿ ತಡೆದು, ಮೊದಲು ಅಂಗೈ ಊರಿ, ಆಮೇಲೆ ಸೊಂಟ ಎತ್ತಿ, ಮೆಟ್ಟಿಲಿಳಿಯುವ ಹಾಗೆಯೇ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ತಾನಾಗಿಯೇ ಎದ್ದು ನಿಂತ.

"ಎದ್ದ," ಎಂದೆ.

"ನಂಗೆ ಕಾಣಲ್ವಾ?" ಎಂದು ಮುದುಕಿ ಗದರಿ ಕಣ್ಣೊರೆಸಿಕೊಂಡರು. "ಎತ್ತರ ಸರಿಯಾಗಿತ್ತು."

ಜನ ಒದ್ದವನನ್ನು ಹೆಗಲ ಮೇಲೆ ಹೊತ್ತರು, ಅದು ನ್ಯಾಯವೇ. ಮಾರನೆಯ ಬೆಳಿಗ್ಗೆ ಎಂದಿನಂತೆ ಹಿಮ್ಮಡಿ, ಕೋಟು, ಬೆನ್ನು ಇಳಿದು ಬಂದವು. ಚೆಂಡು ಕಂಬ ದಾಟಿದ್ದನ್ನು ಕೊಂಚವಾದರೂ ಕಂಡೆಯಾ ಎಂದು ಕೇಳಿದೆ. "ಇಲ್ಲ ಮೇಷ್ಟ್ರೇ," ಎಂದಿತು ಬೆನ್ನು, "ಕೊಟ್ಟಾಯ್ತಲ್ಲ."

ಗೆಲುವು ಮುಂದಕ್ಕೆ ಹೋಗಬೇಕಾದರೆ ಯಾರೋ ಒಬ್ಬರು ಮೊದಲು ಬಾಗಿ ಹಿಂದಕ್ಕೆ ಕೊಡಬೇಕು. ಅಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ತಾವು ಕೊಟ್ಟದ್ದು ಯಾವ ಆಕಾಶದಲ್ಲಿ ಹಾರಿತೆಂದು ನೋಡುವ ಭಾಗ್ಯ ಅವರಿಗಿರುವುದಿಲ್ಲ, ಅದರ ಹಂಬಲವೂ ಇರುವುದಿಲ್ಲ. ಜಗತ್ತೆಲ್ಲ ಚೆಂಡಿನ ಬೆನ್ನು ಹತ್ತಿದ ಆ ಗಳಿಗೆಯಲ್ಲಿ, ಅವರು ಎದ್ದರೇ ಎಂದು ನೋಡುತ್ತಿರುವ ಎರಡು ಕಣ್ಣು ಎಲ್ಲೋ ಹನ್ನೊಂದನೇ ಸಾಲಿನಲ್ಲಿದ್ದರೆ, ಅವರಿಗೆ ಅಷ್ಟೇ ಸಾಕು.