ಎಲ್ಲಿಗೆ ಅಂತ ಕೇಳದ ಅಂಬುಜಾ

ದ್ವೀಪಕ್ಕೆ ಬೇಸಿಗೆ ಬಂತೆಂದರೆ ಅಂಬುಜಾಗೆ ಉಸಿರಾಡಲೂ ಪುರುಸೊತ್ತಿಲ್ಲ. ಡೆಟ್ರಾಯಿಟ್ ಕಡೆಯ ದುಡ್ಡಿದ್ದವರು ಜೂನ್‌ನಲ್ಲಿ ಫೆರ್ರಿಯಿಂದ ಇಳಿಯುವಷ್ಟರಲ್ಲಿ ಒಂಬತ್ತು ಮನೆಗಳ ಧೂಳು ಹೊಡೆದು, ಹಾಸಿಗೆ ಬಿಸಿಲಿಗೆ ಹಾಕಿ, ಫ್ರಿಜ್ ತುಂಬಿಸಿಟ್ಟಿರಬೇಕು. ಸೆಪ್ಟೆಂಬರ್ ಬಂದರೆ ಅವರೆಲ್ಲ ಗಂಟುಮೂಟೆ ಕಟ್ಟುತ್ತಾರೆ. ಸರೋವರ ಹೆಪ್ಪುಗಟ್ಟಿದಾಗಲೂ ಅಲ್ಲೇ ಬಿದ್ದಿರುವುದು ಅಂಬುಜಾ, ದೋಣಿಗಳ ಮೋಟಾರ್ ರಿಪೇರಿ ಮಾಡುವ ಅವಳ ಗಂಡ ಕೇಶವ್, ಇನ್ನೊಂದಿಷ್ಟು ಜನ. ಎಂಟು ವರ್ಷದಿಂದ ಇದೇ ಬಾಳು.

ಎಂಟು ಮನೆ ಬಿಳಿಯರವು. ಒಂಬತ್ತನೆಯದು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಸರ್ಜನ್ ರಘೋತ್ತಮ ಅವರದು. ನಮ್ಮ ಮೈಸೂರಿನವರೇ ಅಂತ ಅಂಬುಜಾ ಮೊದಲು ಹಿಗ್ಗಿದ್ದೇ ಹಿಗ್ಗು. ಆಮೇಲೆ ಗೊತ್ತಾಯಿತು: ಬಿಳಿಯರು ಕೆಲಸ ಮುಗಿದರೆ ಥ್ಯಾಂಕ್ಸ್ ಅಂತಾರೆ, ಡಾಕ್ಟರ ಹೆಂಡತಿ ಪದ್ಮ ಅವರು ತೊಳೆದ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ಎಪ್ಪತ್ತಾರರ ಆಗಸ್ಟ್, ಒಂದು ಶನಿವಾರ. ಡಾಕ್ಟರು ಆಸ್ಪತ್ರೆಯಲ್ಲಿ, ಪದ್ಮ ಶಾಪಿಂಗಿಗೆಂದು ಕಾರನ್ನು ಫೆರ್ರಿಗೆ ಹತ್ತಿಸಿಕೊಂಡು ಆಚೆ ದಡಕ್ಕೆ. ಮಧ್ಯಾಹ್ನ ಹನ್ನೆರಡಕ್ಕೆ ಹದಿಮೂರು ವರ್ಷದ ಮಗಳು ಲೀನಾ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಸಣ್ಣ ಮೋಟಾರ್ ದೋಣಿ ಬಿಚ್ಚುತ್ತಿದ್ದಳು. ಅಂಬುಜಾ ಕಿಟಕಿಯಿಂದ ನೋಡಿದಳು. ಎಲ್ಲಿಗೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಅಪಶಕುನ. ಹಿಂದಿನ ವರ್ಷ ಡಾಕ್ಟರು ಇಂಟರ್‌ವ್ಯೂಗೆ ಹೊರಟಾಗ ಅವಳು ಬಾಯಿ ತಪ್ಪಿ ಕೇಳಿಬಿಟ್ಟಿದ್ದಳು. ಅವರು ವಾಪಸ್ ಕೂತು, ನೀರು ಕುಡಿದು ಹೋದರು. ಆದರೂ ಆ ಕೆಲಸ ಸಿಗಲಿಲ್ಲ. ಬೇಸಿಗೆಯಿಡೀ ಪದ್ಮ ಇವಳ ಮುಖ ನೋಡಿ ಮಾತಾಡಿರಲಿಲ್ಲ.

ಮೂರೂವರೆಗೆ ಆಕಾಶ ಕಪ್ಪಿಟ್ಟಿತು. ಗಾಳಿ ಎದ್ದು ಒಣಹಾಕಿದ್ದ ಬಟ್ಟೆಗಳು ಬೇಲಿಗೆ ಬಡಿದವು. ಪದ್ಮ ಕಾರಿನಿಂದ ಇಳಿದವರೇ ಕೇಳಿದರು, "ಲೀನಾ ಎಲ್ಲಿ?"

"ಹನ್ನೆರಡಕ್ಕೆ ದೋಣೀಲಿ ಹೋದ್ಲಮ್ಮಾ. ಇನ್ನೂ ಬಂದಿಲ್ಲ."

"ಹೋದ್ಲಾ? ಎಲ್ಲಿಗೆ?"

"ಕೇಳಲಿಲ್ಲ."

"ಕೇಳಲಿಲ್ವಾ! ಅಯ್ಯೋ ದೇವರೇ! ನಿಂಗೆ ಬುದ್ಧಿ ನೆಟ್ಟಗಿದೆಯೇನೇ? ಸಣ್ಣ ಮಗು ಕಣೇ ಅದು!"

ಅದುವರೆಗೂ ನೀವು ಅನ್ನುತ್ತಿದ್ದ ಬಾಯಿ. ಹೋದ ವರ್ಷದ ಮಾತನ್ನು ಮುಖದ ಮೇಲೆ ಎಸೆಯೋಣ ಅನ್ನಿಸಿತು ಅಂಬುಜಾಗೆ. ಆದರೆ ಪದ್ಮ ಕೋಸ್ಟ್ ಗಾರ್ಡ್‌ಗೆ ಫೋನ್ ತಿರುಗಿಸಲು ಹೋಗಿ ಎರಡು ಸಲವೂ ನಂಬರ್ ತಪ್ಪಿಸಿದರು. ಅಂಬುಜಾಳೇ ತಿರುಗಿಸಿದಳು. ಆಚೆಯವರು ಕೇಳಿದ್ದೂ ಅದನ್ನೇ: ಯಾವ ಕಡೆ ಹೋಗಿದ್ದಾಳೆ? ದ್ವೀಪದ ಸುತ್ತ ಎಷ್ಟೊಂದು ಕಾಲುವೆಗಳು, ಎಲ್ಲಿ ಅಂತ ಹುಡುಕೋಣ?

ಅಂಬುಜಾ ಕಣ್ಣು ಮುಚ್ಚಿ ನಿಂತಳು. ಒಂದು ಪ್ರಶ್ನೆ, ಒಂದೇ ಒಂದು, ಕೇಳಿದ್ದರೆ ಏನಾಗಿಬಿಡುತ್ತಿತ್ತು? ಆಗ ಲೀನಾಳ ಪ್ಯಾಂಟುಗಳು ನೆನಪಾದವು. ವಾರದಿಂದ ಅವುಗಳ ಅಂಚಿಗೆ ಅಂಟಿದ ಕಪ್ಪು ಕೆಸರನ್ನು ಉಜ್ಜಿ ಉಜ್ಜಿ ಇವಳ ಕೈ ಬಿದ್ದುಹೋಗಿತ್ತು. ದ್ವೀಪದ ಮನೆಗಳ ಮುಂದೆಲ್ಲ ಮರಳು. ಅಂಥ ಕೆಸರಿರುವುದು ಉತ್ತರದ ಜೊಂಡಿನ ಹಿನ್ನೀರಿನಲ್ಲಿ ಮಾತ್ರ.

"ಉತ್ತರಕ್ಕೆ ಕಳಿಸಿ" ಎಂದು ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೂಗಿ ಹೇಳಿ, ಗಂಡನ ಶೆಡ್ಡಿಗೆ ಓಡಿದಳು.

ಕೇಶವ್ ಮರುಮಾತಾಡದೆ ದೋಣಿ ತೆಗೆದ. ಅಲೆ ಎತ್ತೆತ್ತಿ ಬಿಸಾಕುತ್ತಿತ್ತು. ಮಳೆ ಮುಖಕ್ಕೆ ರಾಚುತ್ತಿತ್ತು. ಅಂಬುಜಾ ಮುಂದೆ ಕೂತು ಗಂಟಲು ಹರಿಯುವಂತೆ ಲೀನಾ, ಲೀನಾ ಅಂತ ಕಿರುಚಿದಳು. ಜೊಂಡು ಶುರುವಾಗುವ ಕಡೆ ದೋಣಿ ಸಿಕ್ಕಿತು, ಬೋರಲು ಬಿದ್ದಿತ್ತು.

"ಮುಗೀತು" ಎಂದ ಕೇಶವ್.

"ಬಾಯ್ಮುಚ್ರೀ! ಮುಂದೆ ಹೋಗಿ!"

ಇಪ್ಪತ್ತು ಮಾರು ಆಚೆ, ಎದೆಮಟ್ಟದ ನೀರಿನಲ್ಲಿ ಜೊಂಡು ಹಿಡಿದುಕೊಂಡು ಲೀನಾ ನಿಂತಿದ್ದಳು. ತುಟಿ ನೀಲಿಗಟ್ಟಿತ್ತು. ಇಬ್ಬರೂ ಸೇರಿ ಎಳೆದು ಹಾಕಿದರು. ಹುಡುಗಿ ಹಲ್ಲು ಕಟಕಟಿಸುತ್ತ, "ಹೆರಾನ್ ಹಕ್ಕಿ ಗೂಡು ಡ್ರಾ ಮಾಡ್ತಿದ್ದೆ, ಆಂಟಿ" ಅಂದಳು. ಅಂಬುಜಾ ಕೈಯೆತ್ತಿ ಕೆನ್ನೆಗೆ ಛಟೀರನೆ ಬಾರಿಸಿದಳು. ಆಮೇಲೆ ಅವಳನ್ನು ಅವುಚಿಕೊಂಡು ಗೊಳೋ ಎಂದು ಅತ್ತಳು.

ದಡದಲ್ಲಿ ಪದ್ಮ ಮಗಳನ್ನು ಬಾಚಿ ತಬ್ಬಿದರು, ಕಂಬಳಿ ಸುತ್ತಿದರು, ಮನೆಯೊಳಗೆ ಕರೆತಂದು ಮುಖ ಒರೆಸಿದರು. ಒರೆಸುತ್ತಿದ್ದ ಕೈ ನಿಂತಿತು. ಕೆನ್ನೆಯ ಮೇಲೆ ನಾಲ್ಕು ಬೆರಳು ಎದ್ದು ಕಾಣುತ್ತಿದ್ದವು.

"ಇದೇನೇ?"

"ಐ ಫೆಲ್, ಮಾಮ್" ಎಂದಳು ಲೀನಾ.

"ಬಿದ್ದಿಲ್ಲ. ನಾನು ಹೊಡೆದೆ" ಎಂದಳು ಅಂಬುಜಾ.

ಪದ್ಮ ಮಗಳ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ನನ್ನ ಮಗಳ ಮೇಲೆ ನಾನೇ ಇವತ್ತಿನವರೆಗೂ ಕೈ ಮಾಡಿಲ್ಲ" ಎಂದರು ಕೊನೆಗೆ. ಮತ್ತೆ ನೀವು ಅನ್ನುವ ದನಿ. "ಮನೆ ಕೀ ಟೇಬಲ್ ಮೇಲಿಟ್ಟು ಹೋಗಿ."

ಲೀನಾ ಅಮ್ಮನ ತೋಳಿನೊಳಗಿಂದ ನೋ, ನೋ ಅಂತ ಅರಚುತ್ತಿದ್ದಳು. ಜೊಂಡಿನ ನಡುವೆ ಎಷ್ಟು ಕರೆದರೂ ಕೇಳಿಸದಿದ್ದ ದನಿ, ಈಗ ಎಂಥ ಜೋರು! ಅಂಬುಜಾ ಕೀ ತೆಗೆದಿಟ್ಟು ಹೊರಗೆ ಬಂದಳು. ಮಳೆಯಲ್ಲಿ ಗೇಟಿನವರೆಗೂ ಆ ಅರಚಾಟ ಕಿವಿಗೆ ಬೀಳುತ್ತಲೇ ಇತ್ತು. ಅರಚಲಿ ಅಂದುಕೊಂಡಳು, ಗಂಟಲು ಹರಿಯುವಷ್ಟು ಅರಚಲಿ.