ಪಿಸುಮಾತಿನ ಧಿಕ್ಕಾರ

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು ನಾನು. ದೊಡ್ಡ ಗಂಟಲಿದೆ, ದೊಡ್ಡ ಮಾತು ಬರುವುದಿಲ್ಲ. ಪರಿಸರ, ಪ್ರಕೃತಿ ಅಂತೆಲ್ಲ ಹೇಳಿ ನಿಮ್ಮ ಕಿವಿಗೆ ಹೂ ಮುಡಿಸುವುದಿಲ್ಲ. ಕಾಡಿನೊಳಗಿನ ಆ ಕೆರೆ ಉಳಿಯಲೇಬೇಕು ಅಂತ ನಾನು ಹಟ ಹಿಡಿದದ್ದು ಗಂಡ ಮನೆಯಿಂದ ಹೊರಗೆ ಹೋಗಲಿ ಅಂತ.

ನಿವೃತ್ತರಾದ ಹೊಸದರಲ್ಲಿ ನಮ್ಮ ಯಜಮಾನರು ಅಡುಗೆಮನೆಗೆ ಮೂಗು ತೂರಿಸಿದರು. ಮುಚ್ಚಳ ಹೀಗಿಡಬಾರದು, ಪೊರಕೆ ಹಾಗೆ ಹಿಡಿಯಬಾರದು. ಆಮೇಲೆ ಅದನ್ನೂ ಬಿಟ್ಟು ಸುಮ್ಮನೆ ಗೋಡೆ ನೋಡುತ್ತ ಕೂರತೊಡಗಿದರು. ಮೂಗು ತೂರಿಸಿದಾಗ ಸಿಟ್ಟು ಬಂದಿತ್ತು, ಗೋಡೆ ನೋಡಿದಾಗ ಹೆದರಿಕೆಯಾಯಿತು. ಅಷ್ಟರಲ್ಲಿ ನಮ್ಮ ಬೀದಿಯ ಹಲ್ಲು ಡಾಕ್ಟರು ಅವರನ್ನು ಹಕ್ಕಿ ನೋಡುವವರ ಸಂಘಕ್ಕೆ ಸೇರಿಸಿದರು. ಬೆಳಗಾದರೆ ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಊರಾಚೆಯ ಸರ್ಕಾರಿ ಕಾಡಿಗೆ ಹೊರಟರೆ, ಹೊಟ್ಟೆ ಹಸಿದ ಮೇಲೇ ವಾಪಸ್ಸು. ಬಂದವರ ಮುಖದಲ್ಲಿ ಕಳೆ, ಬಾಯಲ್ಲಿ ಮಾತು. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಆ ಕಾಡಿನ ಕೆರೆಯ ದಡದಲ್ಲಿ ಮದುವೆ ಹಾಲ್ ಸಮೇತ ಹೋಟೆಲು ಕಟ್ಟುತ್ತೇನೆ ಅಂತ ಒಬ್ಬ ಸಾಹುಕಾರ ಹೊರಟ. ಜಾಗ ನೋಡಲು ಸಮಿತಿ ಬರುತ್ತದೆ, ವಿರೋಧವಿದ್ದವರು ಅಲ್ಲೇ ಬಂದು ಹೇಳಬಹುದು ಅಂತ ಪ್ರಕಟಣೆಯಾಯಿತು. ಸಂಘದವರು ಪ್ರತಿಭಟನೆಗೆ ಸಿದ್ಧರಾದರು. ನಾನೂ ಹೊರಟೆ.

"ಕೆಂಪು ಬಟ್ಟೆ ಬೇಡ ಕಣೇ, ಹಕ್ಕಿಗಳು ಗಾಬರಿ ಬೀಳ್ತಾವೆ" ಎಂದು ಯಜಮಾನರು ತಮ್ಮ ಮಣ್ಣುಬಣ್ಣದ ಕೋಟು ಹಾಕಿಸಿದರು. ಅಲ್ಲಿ ಹೋಗಿ ನೋಡಿದರೆ ಎಲ್ಲರದೂ ಅದೇ ಬಣ್ಣ. ಬ್ಯಾನರು ಹಸಿರು ಬಟ್ಟೆಯದು, ಅದರ ಮೇಲೆ ಕಡುಹಸಿರು ಅಕ್ಷರ. ಅದನ್ನು ಒಂದು ಪೊದೆಗೆ ಕಟ್ಟಿ, ಪೊದೆಯ ಹಿಂದೆ ಕೂತರು.

"ಎದುರಿಗೆ ಹೋಗಿ ನಿಲ್ಲಲ್ವಾ?" ಅಂದೆ.

"ಗೂಡು ಕಟ್ಟೋ ಕಾಲ ಅಕ್ಕಾ" ಎಂದು ಡಾಕ್ಟರು ಪಿಸುಗುಟ್ಟಿದರು. "ಘೋಷಣೆ ಕೂಗೇ ಕೂಗ್ತೀವಿ. ಮೆಲ್ಲಗೆ."

ಸಮಿತಿ ಬಂತು. ಸಾಹುಕಾರ ಬಿಳಿ ಅಂಗಿ ತೊಟ್ಟು ಬಂದಿದ್ದ. ಜೀಪಿನ ಮೂತಿಯ ಮೇಲೆ ನಕ್ಷೆ ಹರಡಿ, "ಇಲ್ಲಿ ನಾಲ್ಕು ಬಾತುಕೋಳಿ ಬಿಟ್ರೆ ಏನೂ ಇಲ್ಲ ಸಾರ್" ಅಂದ. ಡಾಕ್ಟರು ಮುಷ್ಟಿ ಎತ್ತಿ "ಧಿಕ್ಕಾರ" ಎಂದು ಉಸುರಿದರು. ಹಿಂದಿದ್ದವರು "ಧಿಕ್ಕಾರ, ಧಿಕ್ಕಾರ" ಎಂದು ಉಸಿರಲ್ಲೇ ದನಿಗೂಡಿಸಿದರು. ನಮ್ಮ ಯಜಮಾನರಂತೂ ಬರೀ ತುಟಿ ಅಲ್ಲಾಡಿಸಿದರು. ಸಮಿತಿಯ ಅಧ್ಯಕ್ಷರು ನಮ್ಮ ಬ್ಯಾನರನ್ನೇ ಹಿಡಿದು ನಿಂತು ಚಪ್ಪಲಿಯೊಳಗಿನ ಕಲ್ಲು ಕೊಡವಿಕೊಂಡರು.

"ವಿರೋಧ ಮಾಡೋರು ಯಾರೂ ಬಂದಿಲ್ವೇನ್ರೀ?"

"ಯಾರೂ ಇಲ್ಲ ಸಾರ್. ಎಲ್ಲರಿಗೂ ಖುಷಿ."

"ಹಾಗಾದ್ರೆ ಮುಗೀತಲ್ಲ, ನಡೀರಿ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವುದು ಇದಕ್ಕೇ. ಯಜಮಾನರ ಕಡೆ ನೋಡಿದೆ. ಗೋಡೆ ನೋಡುತ್ತಿದ್ದ ಕಾಲದ ಆ ಮುಖ ಮತ್ತೆ ಬಂದು ಕೂತಿತ್ತು. ಎದ್ದು ನಿಂತು, ಲಾರಿಗಳ ಗದ್ದಲದ ಮೇಲೆ ಟೊಮೇಟೊ ಹರಾಜು ಹಾಕುವ ದನಿಯಲ್ಲಿ ಕೂಗಿದೆ.

"ಯಾರ್ರೀ ಅದು, ಯಾರೂ ಇಲ್ಲ ಅಂದೋರು!"

ಜೊಂಡಿನಿಂದ, ಮರಗಳಿಂದ, ನಾನು ಬರೀ ಬಂಡೆ ಅಂದುಕೊಂಡಿದ್ದ ದಿಬ್ಬದಿಂದ ಹಕ್ಕಿಗಳು ಭರ್ರನೆ ಎದ್ದವು. ಆಕಾಶವೇ ಕಾಣಲಿಲ್ಲ. ನಕ್ಷೆಯ ಮೇಲೆ, ಸರಿಯಾಗಿ ಮದುವೆ ಹಾಲಿನ ಜಾಗಕ್ಕೇ, ಹಿಕ್ಕೆ ಬಿತ್ತು. ಸಾಹುಕಾರನ ಅಂಗಿಗೂ ಅದರ ಪಾಲು ಸಿಕ್ಕಿತು.

"ಇವೇನ್ರೀ ನಿಮ್ಮ ನಾಲ್ಕು ಬಾತುಕೋಳಿ?" ಅಂದರು ಅಧ್ಯಕ್ಷರು.

ಗಂಡ ನನ್ನನ್ನು ಹೊಗಳುತ್ತಾರೆ ಅಂದುಕೊಂಡೆ. ಅವರು ಪೊದೆಯಿಂದ ಎದ್ದು ಬಂದಾಗ ಕಣ್ಣಲ್ಲಿ ನೀರಿತ್ತು. "ಮೊಟ್ಟೆ ಮೇಲೆ ಕೂತಿದ್ವು ಕಣೇ, ಎಬ್ಬಿಸಿಬಿಟ್ಟೆಯಲ್ಲೇ!" ಎಂದು ನನ್ನನ್ನು ಗದರಿ, ಅದೇ ಕಾವಿನಲ್ಲಿ ಅಧ್ಯಕ್ಷರ ಕಡೆ ತಿರುಗಿದರು. ಅವರಿಗೆ ಅಷ್ಟು ದೊಡ್ಡ ದನಿಯಿದೆ ಅಂತ ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ. "ನೋಡಿದ್ರಾ ಸ್ವಾಮಿ? ಇವಳೊಬ್ಬಳು ಒಂದ್ಸಲ ಕೂಗಿದ್ದಕ್ಕೇ ಹೀಗೆ. ದಿನಾ ಮದುವೆ ಬ್ಯಾಂಡು ಬಾರಿಸಿದ್ರೆ ಇವು ಉಳೀತಾವಾ? ಮನುಷ್ಯರು ಇಲ್ಲಿಗೆ ಬರಲೇಬಾರದು!"

"ಬರಲೇಬಾರದು!" ಎನ್ನುತ್ತ ಪೊದೆಗಳಿಂದ ಒಬ್ಬೊಬ್ಬರೇ ಎದ್ದರು. ಅಧ್ಯಕ್ಷರು ಹಕ್ಕಿಗಳಿಗಿಂತ ಹೆಚ್ಚು ಹೆದರಿದ್ದು ಆಗಲೇ.

ಬರಲೇಬಾರದು ಅನ್ನುವ ಮಾತು ಅಧ್ಯಕ್ಷರ ಮನಸ್ಸಿಗೆ ಹಿಡಿಸಿತು, ಪೂರ್ತಿಯಾಗಿಯೇ ಹಿಡಿಸಿತು. ಹೋಟೆಲಿಗೆ ಅನುಮತಿ ಇಲ್ಲ ಅಂತ ಆದೇಶ ಬಂತು. ಜೊತೆಗೆ ಕೆರೆಯ ಸುತ್ತ ಬೇಲಿಯೂ ಬಂತು. ಇನ್ನು ಮೇಲೆ ಯಾರಿಗೂ ಪ್ರವೇಶವಿಲ್ಲ, ದುರ್ಬೀನು ಹಿಡಿದವರಿಗೂ ಇಲ್ಲ. ಸಂಘ ಗೆದ್ದಿತು, ಗೆದ್ದ ಸಂಘಕ್ಕೆ ಹೋಗಲು ಜಾಗವಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ಅಲ್ಲಾರೀ, ಹೋಟೆಲಿನವರು ಬರಬಾರದು ಅನ್ನೋದು ಬಿಟ್ಟು ಮನುಷ್ಯರು ಬರಬಾರದು ಅಂದ್ರಲ್ಲ! ಹೋಗಿ, ನಮ್ಮನ್ನಾದ್ರೂ ಬಿಡಿ ಅಂತ ಕೇಳಿ. ನಾನೂ ಬರ್ತೀನಿ."

ಯಜಮಾನರು ದುರ್ಬೀನನ್ನು ಒರೆಸಿ ಬೀರುವಿನಲ್ಲಿಡುತ್ತಿದ್ದರು. "ಬೇಡ ಕಣೇ. ನಾವೂ ಮನುಷ್ಯರೇ ಅಲ್ವಾ?"

"ಮತ್ತೆ ನೀವೇನು ಮಾಡ್ತೀರಿ?"

"ಅವು ಅಲ್ಲಿ ಇರ್ತಾವಲ್ಲ. ಅಷ್ಟು ಗೊತ್ತಿದ್ರೆ ಸಾಕು." ಬೀರುವಿನ ಬಾಗಿಲು ಹಾಕಿದವರು ಮತ್ತೆ ತೆಗೆದು ಒಮ್ಮೆ ನೋಡಿ ಹಾಕಿದರು. ನನಗೂ ದುಃಖ ಒತ್ತಿ ಬಂತು. ಹಟ ಹಿಡಿದು ಉಳಿಸಿಕೊಂಡದ್ದನ್ನು ಹಾಗೆ ಬಿಟ್ಟುಕೊಡುವುದು ನನ್ನ ಕೈಲಂತೂ ಆಗುವ ಮಾತಲ್ಲ.

ಅಡುಗೆಮನೆಗೆ ಒಂದು ಕುರ್ಚಿ ತಂದು ಹಾಕಿ ಅವರನ್ನು ಕೂರಿಸಿದೆ. ನಾನು ಎದುರಿಗೆ ಆಲೂಗಡ್ಡೆ ಹಿಡಿದು ಕೂತೆ. ಸಿಪ್ಪೆ ಅಷ್ಟು ದಪ್ಪ ತೆಗೆಯಬಾರದು ಅಂದರು. ನಾನು ತೆಳ್ಳಗೆ ತೆಗೆದೆ.